ಪಿಎಚ್ ಪ್ರೋಬ್ ಬಾಳಿಕೆ ಬರಬೇಕಾ? ಕೋಟಿಂಗ್ ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು

"ಸರ, ಈ ಗಾಜಿಗಿ ಏನರ ಹಚ್ಚಿದ್ರ ಬಾಳಿಕಿ ಬರ್ತದೇನ್ರಿ?" ಬೀದರ್‌ನ ಕೊಳಾರದ ಔಷಧ ಕಾರ್ಖಾನೆ ಇರಲಿ, ಭಾಲ್ಕಿ ಕಡೆಯ ಸಕ್ಕರೆ ಕಾರ್ಖಾನೆ ಇರಲಿ, ಇಟಿಪಿ (ಕಾರ್ಖಾನೆಯ ಕೊಳೆ ನೀರು ಶುದ್ಧಮಾಡುವ ಘಟಕ) ನೋಡಿಕೊಳ್ಳುವ ಹುಡುಗರು ಪಿಎಚ್ ಪ್ರೋಬ್, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಎಂದು ಅಳೆಯುವ ಕಡ್ಡಿ, ಹಿಡಿದು ಕೇಳುವುದು ಇದನ್ನೇ. ಉತ್ತರ ಹೀಗಿದೆ: ಗಾಜಿಗೆ ಕೈಗೆ ಸಿಕ್ಕಿದ್ದನ್ನು ಹಚ್ಚಿದರೆ ಪ್ರೋಬ್ ಉಳಿಯುತ್ತದೆ, ಆದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

ಯಾಕೆ ಅಂದರೆ, ತುದಿಯ ಗಾಜಿನ ಗುಳ್ಳೆಯ ಮೇಲೆ ನೀರು ಕುಡಿದ ಒಂದು ತೆಳು ಪದರ ಇರುತ್ತದೆ. ನೀರಿನ ಹೈಡ್ರೋಜನ್ ಅಯಾನುಗಳು ಅಲ್ಲಿಗೆ ಬಂದು ಹೋಗುವುದರಿಂದಲೇ ವೋಲ್ಟೇಜ್ ಹುಟ್ಟುತ್ತದೆ. 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್. ಎಪಾಕ್ಸಿ, ವಾರ್ನಿಷ್, ಸಿಲಿಕೋನ್ ಬಳಿದರೆ ಆ ದಾರಿಯೇ ಬಂದ್. ಹಾಗಾಗಿ ಅಳೆಯುವ ತುದಿಗೆ ಹೈಡ್ರೋಜನ್ ಅಯಾನನ್ನು ಒಳಗೆ ಬಿಡುವ ಪದರವೇ ಬೇಕು. ಉಳಿದ ಮೈಗೆ ಮಾತ್ರ ಗಟ್ಟಿ ಕವಚ.

ಮೊದಲು ಕೊಲ್ಲುತ್ತಿರುವುದು ಯಾರು ನೋಡಿ

ಪ್ರೋಬ್ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಬಿಳಿ, ಒರಟು ಪದರ ಕಂಡರೆ ಅದು ಸುಣ್ಣ. ಸೇಡಂ, ವಾಡಿ, ಶಹಾಬಾದ್ ಕಡೆ ಇದು ಮಾಮೂಲು. ನಾವು ಮನೆಗೆ ಹಾಸುವ ಶಹಾಬಾದ್ ಕಲ್ಲೇ ಸುಣ್ಣದ ಕಲ್ಲು, ಅದರ ಸಂದಿಯಲ್ಲಿ ಹರಿದು ಬರುವ ಬೋರ್ ನೀರು ಮೆತ್ತಗಿರುತ್ತದಾ? ಸಕ್ಕರೆ ಕಾರ್ಖಾನೆಯಲ್ಲಂತೂ ಕಬ್ಬಿನ ರಸಕ್ಕೆ ನಾವೇ ಸುಣ್ಣದ ಹಾಲು ಸುರಿಯುತ್ತೇವೆ.

ಪಕ್ಕದ ಸಣ್ಣ ಬಿಳಿ ಚುಕ್ಕೆ, ಅಂದರೆ ಒಳಗಿನ ದ್ರಾವಣ ಹೊರಗಿನ ನೀರನ್ನು ಮುಟ್ಟುವ ಸಣ್ಣ ರಂಧ್ರಗಳ ಜಂಕ್ಷನ್, ಕಪ್ಪಾಗಿದ್ದರೆ ನೀರಿನಲ್ಲಿ ಸಲ್ಫೈಡ್ ಇದೆ. ಅದು ಒಳಗಿನ ಬೆಳ್ಳಿಯ ಜೊತೆ ಸೇರಿ ರಂಧ್ರ ಮುಚ್ಚುತ್ತದೆ. ಗಾಜೇ ಮಂಜು ಹಿಡಿದಂತಾಗಿದ್ದರೆ ಬಿಸಿ ಕ್ಷಾರ ಅಥವಾ ಫ್ಲೋರೈಡ್ ತಿಂದಿದೆ. ತಿಂದ ಗಾಜು ತಿರುಗಿ ಬರುವುದಿಲ್ಲ, ಹೊಸದನ್ನೇ ತರಬೇಕು. ಆಮ್ಲದ ನೀರಿನಲ್ಲಿ ಫ್ಲೋರೈಡ್ ಇರುವ ಕಡೆ ಗಾಜು ಬಿಟ್ಟು ಆಂಟಿಮನಿ ಪ್ರೋಬ್ ಹಾಕುವುದೇ ಜಾಣತನ. ಲೆಕ್ಕ ಸ್ವಲ್ಪ ಒರಟು, ಆದರೆ ತಾಳುತ್ತದೆ.

ಮೈ ಮತ್ತು ಜಂಕ್ಷನ್

ಕೊಳ್ಳುವಾಗಲೇ ಪಿವಿಡಿಎಫ್ ಅಥವಾ ಪಿಪಿಎಸ್ ಪ್ಲಾಸ್ಟಿಕ್ ಮೈ ಕೇಳಿ. ಗಸಿ ಜಾಸ್ತಿ ಇದ್ದರೆ ಟೆಫ್ಲಾನ್ ಜಂಕ್ಷನ್, ಸಲ್ಫೈಡ್ ಇದ್ದರೆ ಡಬಲ್ ಜಂಕ್ಷನ್, ಅಂದರೆ ಬೆಳ್ಳಿಗೂ ಹೊರಗಿನ ನೀರಿಗೂ ನಡುವೆ ಇನ್ನೊಂದು ಕೋಣೆ ಇರುವಂಥದ್ದು. ಎಪಾಕ್ಸಿ ಬಳಿಯಲೇಬೇಕು ಅನ್ನಿಸಿದರೆ ಉಕ್ಕಿನ ಹೋಲ್ಡರ್‌ಗೆ, ಕ್ಲಾಂಪ್‌ಗೆ ಬಳಿಯಿರಿ. ಜಂಕ್ಷನ್ ಮೇಲೆ ಒಂದು ಹನಿ ಬಿದ್ದರೂ ಕೆಲಸ ಕೆಟ್ಟಿತು.

ಅಳೆಯುವ ತುದಿಗೆ ಕೋಟಿಂಗ್

ಇದು ಗಾಜಿನ ಪ್ರೋಬ್‌ನದಲ್ಲ, ಲೋಹದ ಆಕ್ಸೈಡ್ ಸೆನ್ಸರ್‌ಗಳ ಮಾತು, ಮುಖ್ಯವಾಗಿ ಇರಿಡಿಯಂ ಆಕ್ಸೈಡ್. ಇವು ಗಾಜಿನ ಹಾಗೆ ಒಡೆಯುವುದಿಲ್ಲ, ಆದರೆ ಒಂದು ಚಾಳಿ ಇದೆ. ಎಲೆಕ್ಟ್ರಾನ್ ಕೊಡುವ ಅಥವಾ ಕಸಿಯುವ ರಾಸಾಯನಿಕ ಎದುರಾದರೆ ಪಿಎಚ್ ಬದಲಾಗದಿದ್ದರೂ ರೀಡಿಂಗ್ ಸರಿದುಬಿಡುತ್ತದೆ. ರಸಕ್ಕೆ ಗಂಧಕದ ಹೊಗೆ ಹಾಯಿಸುವ ಸಕ್ಕರೆ ಕಾರ್ಖಾನೆಯಲ್ಲಿ ಸಲ್ಫೈಟ್ ಇದೇ ಕಿತಾಪತಿ ಮಾಡುತ್ತದೆ.

ಇದಕ್ಕೆ ಬಳಸುವುದು ನೇಫಿಯಾನ್. ಟೆಫ್ಲಾನ್ ಜಾತಿಯದೇ ಪಾಲಿಮರ್, ಆದರೆ ಋಣ ಚಾರ್ಜ್‌ನ ಗುಂಪುಗಳು ಅಂಟಿಕೊಂಡಿರುತ್ತವೆ. ಹಾಗಾಗಿ ಧನ ಚಾರ್ಜ್‌ನ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಂಡು ಸಲ್ಫೈಟ್‌ನಂಥ ಋಣ ಅಯಾನನ್ನು ಬಾಗಿಲಲ್ಲೇ ತಡೆಯುತ್ತದೆ. ಹಚ್ಚುವ ಕ್ರಮ ಇಷ್ಟು: ಸೆನ್ಸರ್ ತುದಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ನೇಫಿಯಾನ್‌ನ 5 ಶೇಕಡಾ ದ್ರಾವಣ ಅಂಗಡಿಯಲ್ಲೇ ಸಿಗುತ್ತದೆ. ಅದರಲ್ಲಿ ತುದಿ ಅದ್ದಿ, ನಿಧಾನವಾಗಿ ನೇರಕ್ಕೆ ಎತ್ತಿ. ಎಳೆದು ಎತ್ತಿದರೆ ಗುಳ್ಳೆ ಸಿಕ್ಕಿಕೊಳ್ಳುತ್ತದೆ, ಆ ಗುಳ್ಳೆಯಿಂದಲೇ ಮುಂದೆ ಪದರ ಕಿತ್ತು ಬರುತ್ತದೆ. ಧೂಳಿಲ್ಲದ ಕಡೆ ನೆರಳಲ್ಲಿ ಒಣಗಿಸಿ. ದ್ರಾವಣದಲ್ಲಿ ಆಲ್ಕೋಹಾಲ್ ಇರುತ್ತದೆ, ಹತ್ತಿರ ಬೆಂಕಿ ಬೇಡ. ಪದರ ನೀರಿನಲ್ಲಿ ಉಬ್ಬಿ ಕಿತ್ತು ಬರದಿರಲಿ ಎಂದು ಆಮೇಲೆ ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಕಾಯಿಸುವುದುಂಟು. ಪ್ಲಾಸ್ಟಿಕ್ ಮೈಯ ಸೆನ್ಸರ್ ಆದರೆ ಮೊದಲು ತಯಾರಕರನ್ನು ಕೇಳಿ. ಕೊನೆಗೆ ಬಫರ್‌ನಲ್ಲಿ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ ನೆನೆಸಿ, ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ (ಮೀಟರ್ ಅನ್ನು ಆ ಪಿಎಚ್‌ಗೆ ಹೊಂದಿಸಿ).

ದಪ್ಪ ಹಚ್ಚಿದರೆ ಒಳ್ಳೆಯದು ಅನ್ನುವ ಆಸೆ ಬೇಡ. ಪದರ ದಪ್ಪವಾದಷ್ಟೂ ಸೆನ್ಸರ್ ಮಂದ. ಸುಣ್ಣ ಸುರಿಯುವ ಡೋಸಿಂಗ್ ಪಂಪ್ ಅದರ ಮಾತು ಕೇಳಿ ನಡೆಯುತ್ತಿದ್ದರೆ ಸುಣ್ಣ ಹೆಚ್ಚುಕಡಿಮೆ ಬಿದ್ದು ಗೋಳು. ಇನ್ನೊಂದು ಮಾತು, ನೇಫಿಯಾನ್ ಸುಣ್ಣ ಕಟ್ಟುವುದನ್ನು ತಡೆಯುವುದಿಲ್ಲ. ತೊಳೆಯುವ ಕೆಲಸ ತಪ್ಪುವುದಿಲ್ಲ.

ಚಿಪ್ ರೂಪದ ಐಎಸ್‌ಫೆಟ್ ಸೆನ್ಸರ್‌ಗಳೂ ಇವೆ. 1970ರಲ್ಲಿ ನೆದರ್‌ಲ್ಯಾಂಡ್ಸ್‌ನ ಪೀಟ್ ಬರ್ಗ್‌ವೆಲ್ಡ್ ಇವನ್ನು ಪರಿಚಯಿಸಿದರು. ಇವುಗಳ ಟ್ಯಾಂಟಲಂ ಆಕ್ಸೈಡ್ ಪದರ ಕಾರ್ಖಾನೆಯಲ್ಲೇ ಕೂರಿಸಿ ಬರುತ್ತದೆ, ನಾವು ಕೈ ಹಾಕುವ ಹಾಗಿಲ್ಲ.

ಕೂರಿಸುವುದು, ತೊಳೆಯುವುದು

ಗಾಜಿನ ಪ್ರೋಬ್ ಅನ್ನು ಪೂರ್ತಿ ಅಡ್ಡ ಮಲಗಿಸಬೇಡಿ. ತುದಿ ಕೆಳಗೆ ಬರುವಂತೆ ಕನಿಷ್ಠ 15 ಡಿಗ್ರಿ ಓರೆ ಇರಲಿ, ಇಲ್ಲದಿದ್ದರೆ ಒಳಗಿನ ಗಾಳಿಗುಳ್ಳೆ ತುದಿಗೆ ಬಂದು ಕೂರುತ್ತದೆ. ಸುಣ್ಣ ಕಟ್ಟಿದ್ದರೆ 5 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಅದ್ದಿ, ನೊರೆ ನಿಂತ ಮೇಲೆ ತೊಳೆಯಿರಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಕೈಗವಸು, ಕನ್ನಡಕ ಇರಲಿ. ಬಟ್ಟೆಯಿಂದ ಉಜ್ಜಬೇಡಿ, ಟಿಶ್ಯೂ ಒತ್ತಿ ತೆಗೆಯಿರಿ. ಇಡುವುದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ, ಡಿಸ್ಟಿಲ್ಡ್ ನೀರಿನಲ್ಲಿ ಅಲ್ಲವೇ ಅಲ್ಲ.

ಕ್ಯಾಲಿಬ್ರೇಷನ್ ದಿನ 7 ಮತ್ತು 4ರ ಬಫರ್‌ಗಳ ನಡುವಿನ ಮಿಲಿವೋಲ್ಟ್ ವ್ಯತ್ಯಾಸ ಬರೆದಿಡಿ. 25 ಡಿಗ್ರಿಯಲ್ಲಿ 177ರ ಆಸುಪಾಸು ಬರಬೇಕು. ತೊಳೆದ ಮೇಲೂ 150ಕ್ಕೆ ಇಳಿದಿದ್ದರೆ ಬದಲಿಸುವ ಕಾಲ ಬಂದಿದೆ.

ಮೀಟರ್ ಸದಾ 7 ತೋರಿಸುತ್ತಿದ್ದರೆ ಖುಷಿ ಪಡಬೇಡಿ. ಹೊರಬಿಡುವ ನೀರಿಗೆ ಅನುಮತಿ ಇರುವ ಮಿತಿಯೊಳಗೇ 7 ಬರುವುದರಿಂದ ಅದನ್ನು ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಗಾಜು ಬಿರುಕು ಬಿಟ್ಟರೂ, ಮಳೆಗಾಲದಲ್ಲಿ ಕನೆಕ್ಟರ್ ಒಳಗೆ ತೇವ ಸೇರಿದರೂ ವೋಲ್ಟೇಜ್ ಸೊನ್ನೆಯಾಗುತ್ತದೆ, ಸೊನ್ನೆಯನ್ನು ಮೀಟರ್ 7 ಎಂದು ಓದುವುದರಿಂದ ಅದೇ 7 ಬರುತ್ತದೆ. ಅನುಮಾನ ಬಂದರೆ ಪ್ರೋಬ್ ತೆಗೆದು 4ರ ಬಫರ್‌ನಲ್ಲಿ ಅದ್ದಿ. ಆಗಲೂ 7 ಅಂದರೆ ಮೊದಲು ಕನೆಕ್ಟರ್ ಬಿಚ್ಚಿ ಒಣಗಿಸಿ, ಆಮೇಲೆ ಗಾಜು ನೋಡಿ.