ಅಜ್ಜಿಗೆ ವಿಷುಯಲ್ ನಾವೆಲ್ ಓದಿ ಹೇಳುವ ಬಗೆ

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹುಳುಮನೆ ಪಕ್ಕದ ಪಡಸಾಲೆಯಲ್ಲಿ ಕೂತು ನಾನು ಅಜ್ಜಿಗೆ ವಿಷುಯಲ್ ನಾವೆಲ್ ಓದಿ ಹೇಳಲು ಶುರುಮಾಡಿ ನಾಲ್ಕು ವರ್ಷವಾಯಿತು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಕಣ್ಣೂ ಮಂಜು. ಆದರೆ ಕಥೆ ಕೇಳುವುದರಲ್ಲಿ ಅವಳಷ್ಟು ಚುರುಕಾದವರನ್ನು ನಾನು ಕಂಡಿಲ್ಲ. ಒಬ್ಬಳೇ ಆಡಿ ಮುಗಿಸಿದ್ದ ಆಟಗಳು ಅವಳಿಗೆ ಹೇಳುತ್ತಾ ಇನ್ನೊಮ್ಮೆ ಆಡಿದಾಗಲೇ ನನಗೆ ಪೂರ್ತಿ ಅರ್ಥವಾದವು. ನಿಮ್ಮ ಮನೆಯಲ್ಲೂ ಕಥೆಯ ಹುಚ್ಚಿರುವ ಹಿರಿಯರಿದ್ದರೆ ನೀವೂ ಮಾಡಿ ನೋಡಿ.

ವಿಷುಯಲ್ ನಾವೆಲ್ ಅಂದರೆ ಕಂಪ್ಯೂಟರಿನಲ್ಲಿ ಓದುತ್ತಾ ಆಡುವ ಕಥೆ: ಚಿತ್ರ, ಸಂಗೀತ, ಕೆಳಗೊಂದು ಮಾತಿನ ಪೆಟ್ಟಿಗೆ. ಒಂದು ಕ್ಲಿಕ್ಕಿಗೆ ಒಂದು ಮಾತು. ಅಲ್ಲಲ್ಲಿ ಕಥೆ ನಿಂತು, ಮುಂದೇನು ಮಾಡೋಣ ಎಂದು ನಮ್ಮನ್ನೇ ಕೇಳುತ್ತದೆ. ಓಡುವುದು, ಗುರಿಯಿಟ್ಟು ಹೊಡೆಯುವುದು ಇಲ್ಲ. ಆದ್ದರಿಂದ ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಿ ಮಾತಾಡಬಹುದು. ಓದಿ ಹೇಳುವವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಡ. ಹಳೇ ಲ್ಯಾಪ್‌ಟಾಪ್ ಸಾಕು. ನಾನು ಟೌನಿಗೆ ಹೋದಾಗ ಆಟ ಡೌನ್‌ಲೋಡ್ ಮಾಡಿಕೊಂಡು ಬರುತ್ತೇನೆ, ಮನೆಯಲ್ಲಿ ನೆಟ್ ಇಲ್ಲದೆಯೇ ನಡೆಯುತ್ತದೆ.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ಅದನ್ನು ಹುಳುವೇ ಗೊತ್ತುಮಾಡುತ್ತದೆ. ಹುಳು ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುತ್ತೇವೆ, ಹಾಗಾಗಿ ಮನೆಯಲ್ಲಿ ಉಳಿಯುವುದು ಎರಡು ಜ್ವರ. ಹುಳು ಜ್ವರಕ್ಕೆ ಕೂತರೆ ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತದೆ, ಸೊಪ್ಪು ಹಾಕುವಂತಿಲ್ಲ. ಹೆಚ್ಚುಕಡಿಮೆ ಒಂದು ದಿನ ಮನೆಮಂದಿಗೆಲ್ಲ ಬಿಡುವು. ಆ ಬಿಡುವಿಗೆ ಹಿಡಿಸುವ ಕಥೆ ಆರಿಸುತ್ತೇನೆ. ಕಡೇ ಜ್ವರ ಎದ್ದ ಮೇಲೆ ಹುಳು ತಿನ್ನುವ ಭರಾಟೆಯಲ್ಲಿ ಯಾರಿಗೂ ಕೂರಲು ಪುರಸೊತ್ತಿರುವುದಿಲ್ಲ, ಆಗ ಉದ್ದನೆಯ ಕಥೆ ತೆಗೆಯಬೇಡಿ. ‘ಸ್ಟೈನ್ಸ್ ಗೇಟ್’ ನನಗೆ ತುಂಬಾ ಇಷ್ಟ. 2009ರ ಆಟ, ಮೈಕ್ರೋವೇವ್ ಒಲೆಯಿಂದ ಹಿಂದಿನ ಕಾಲಕ್ಕೆ ಮೆಸೇಜ್ ಕಳಿಸುವ ಹುಡುಗರ ಕಥೆ. ಅದು ಹತ್ತಾರು ಗಂಟೆ ಎಳೆಯುತ್ತದೆ, ಮೊದಲ ಭಾಗ ನಿಧಾನ. ಅದನ್ನು ಎರಡು ಬೆಳೆಗಳ ನಡುವಿನ ದಿನಗಳಿಗೆ ಎತ್ತಿಟ್ಟಿದ್ದೇನೆ.

ಶುರುಮಾಡಲು ‘ಫೀನಿಕ್ಸ್ ರೈಟ್: ಏಸ್ ಅಟಾರ್ನಿ’ಯನ್ನೇ ತೆಗೆದುಕೊಳ್ಳಿ. ಜಪಾನಿನಲ್ಲಿ 2001ರಲ್ಲಿ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದದ್ದು. 2019ರಿಂದ ಮೊದಲ ಮೂರು ಭಾಗ ಒಟ್ಟಾಗಿ ಕಂಪ್ಯೂಟರಿನಲ್ಲೂ ಸಿಗುತ್ತವೆ. ಹೊಸ ವಕೀಲನೊಬ್ಬ ಕೋರ್ಟಿನಲ್ಲಿ ಸಾಕ್ಷಿಗಳ ಸುಳ್ಳು ಹಿಡಿಯಬೇಕು. ಕೋರ್ಟು, ಸಾಕ್ಷಿ, ಪಾಟೀಸವಾಲು ನಮ್ಮ ಹಿರಿಯರಿಗೆ ಹೊಸದಲ್ಲ, ಜಮೀನಿನ ಕೇಸಿಗೆ ಒಮ್ಮೆಯಾದರೂ ಅಲೆದಿರುತ್ತಾರೆ.

ಮೊದಲ ಕೇಸಿನಲ್ಲಿ ಸಾಕ್ಷಿ, ತಾನು ಹೆಣ ಕಂಡಾಗ ಮಧ್ಯಾಹ್ನ ಒಂದು ಗಂಟೆ ಎನ್ನುತ್ತಾನೆ. ಸಾವಾದದ್ದು ಸಂಜೆ ನಾಲ್ಕರ ಮೇಲೆ ಎಂದು ಡಾಕ್ಟರ ವರದಿ ಹೇಳುತ್ತದೆ. ಗಂಟೆ ಎಷ್ಟೆಂದು ಹೇಗೆ ಗೊತ್ತಾಯಿತು ಎಂದರೆ, ಟಿವಿಯಲ್ಲಿ ಕೇಳಿಸಿತು ಅನ್ನುತ್ತಾನೆ. ನಮ್ಮ ಹತ್ತಿರದ ದಾಖಲೆಗಳಲ್ಲಿ, ಆ ಹೊತ್ತಿಗೆ ಅಲ್ಲಿ ಕರೆಂಟ್ ಇರಲಿಲ್ಲ ಎಂಬ ಕಾಗದವಿದೆ. ನಾನು ಎಲ್ಲ ಕಾಗದಗಳನ್ನೂ ಮೊದಲೇ ಓದಿ ಹೇಳಿದ್ದೆ. ಸಾಕ್ಷಿಯ ಮಾತು ಮುಗಿಯುವ ಮುಂಚೆಯೇ ಅಜ್ಜಿ ಎದ್ದು ಕೂತಳು. “ಕರೆಂಟೇ ಇಲ್ದಾಗ ಟಿವಿ ಹೆಂಗಮ್ಮ ಓಡ್ತಿತ್ತು? ಸುಳ್ಳು ಹೇಳ್ತಾವ್ನೆ ಅವ್ನು!” ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗಿ ಬರುತ್ತದೆಂದು ಲೆಕ್ಕ ಇಟ್ಟವಳಿಗೆ ಈ ಸುಳ್ಳು ತಕ್ಷಣ ಸಿಕ್ಕಿತು. ನಾನು ಒಬ್ಬಳೇ ಆಡಿದಾಗ ಎರಡು ಸಲ ತಪ್ಪು ಕಾಗದ ಕೊಟ್ಟಿದ್ದೆ.

ಇಲ್ಲಿಂದ ಕಲಿತದ್ದು: ದಾಖಲೆಗಳನ್ನು ಪ್ರತಿ ಸಲ ಕೂರುವಾಗಲೂ ಹೊಸದಾಗಿ ಓದಿ ಹೇಳಿ, ಸುಳ್ಳು ಎಲ್ಲಿದೆ ಎಂಬ ಸುಳಿವು ಮಾತ್ರ ನಿಮ್ಮ ದನಿಯಲ್ಲಿ ಬರದಿರಲಿ. ನಾನು ಒಂದು ಅಧ್ಯಾಯ ಮುಂದಾಗಿ ಓದಿಕೊಂಡಿರುತ್ತೇನೆ, ಆದರೂ ಉತ್ತರ ಅವಳೇ ಹುಡುಕಲಿ ಎಂದು ಕಾಯುತ್ತೇನೆ. ಆಟದ ವಕೀಲ ಬೆರಳು ಚಾಚಿ ಕೂಗುವ ಮಾತಿಗೆ ನಾವು ಇಟ್ಟ ಕನ್ನಡ ‘ತಕರಾರಿದೆ!’. ಕೂಗುವ ಹಕ್ಕು ಅಜ್ಜಿಯದು.

ಪದಕ್ಕೆ ಪದ ಅನುವಾದ ಮಾಡಲು ಹೋಗಬೇಡಿ. ಪೆಟ್ಟಿಗೆಯ ಮಾತನ್ನು ಮನಸ್ಸಿನಲ್ಲೇ ಪೂರ್ತಿ ಓದಿ, ಕಣ್ಣೆತ್ತಿ, ನಮ್ಮೂರಿನವರು ಹೇಳುವ ಹಾಗೆ ಹೇಳಿ. ಕಷ್ಟವಾಗುವುದು ‘ಯೂ’ ಎಂಬ ಒಂದೇ ಪದ. ಇಂಗ್ಲಿಷಿನಲ್ಲಿ ಎಲ್ಲರಿಗೂ ಅದೇ. ಕನ್ನಡದಲ್ಲಿ ಬಾಯಿ ತೆರೆಯುವ ಮುಂಚೆಯೇ ನೀನು ಎನ್ನಬೇಕೋ ನೀವು ಎನ್ನಬೇಕೋ ತೀರ್ಮಾನವಾಗಿರಬೇಕು. ಫೀನಿಕ್ಸ್ ತನ್ನ ಹಿರಿಯ ವಕೀಲೆ ಮಿಯಾಳನ್ನು ‘ನೀವು’ ಅನ್ನುತ್ತಾನೆ, ಅದು ಸುಲಭ. ಆಕೆಯ ತಂಗಿ ಮಾಯಾ ಅವನನ್ನು ‘ನಿಕ್’ ಅನ್ನುತ್ತಾಳೆ, ನಮ್ಮ ಪಡಸಾಲೆಯಲ್ಲಿ ಅದು ‘ನಿಕ್ಕಣ್ಣ’ ಆಯಿತು. ಎದುರಾಳಿ ವಕೀಲ ಎಡ್ಜ್‌ವರ್ತ್ ವಿಷಯದಲ್ಲೇ ಎಡವುವ ಅಪಾಯ. ಅವನಿಗೂ ಫೀನಿಕ್ಸನಿಗೂ ಹಳೇ ನಂಟೊಂದಿದೆ, ಅದೇನೆಂದು ನಾನಿಲ್ಲಿ ಹೇಳುವುದಿಲ್ಲ. ಮೊದಲೇ ‘ನೀನು’ ಅಂದುಬಿಟ್ಟರೆ ಗುಟ್ಟು ಒಡೆಯುತ್ತದೆ. ನಾನು ಕೋರ್ಟಿನಲ್ಲಿ ಇಬ್ಬರಿಗೂ ‘ನೀವು’ ಕೊಟ್ಟು, ಗುಟ್ಟು ಹೊರಬಿದ್ದ ಮಾತಿನಲ್ಲಿ ‘ನೀನು’ ಅಂದೆ. ಅಜ್ಜಿ ಏನೂ ಕೇಳಲಿಲ್ಲ, “ಹಂಗಾ” ಅಂದಳು ಅಷ್ಟೇ. ಇಂಗ್ಲಿಷಿನಲ್ಲಿ ಇಲ್ಲದ ಒಂದು ಘಳಿಗೆ ಕನ್ನಡದಲ್ಲಿ ನಮಗೆ ಸಿಕ್ಕಿತು.

ಪ್ರತಿ ಆಯ್ಕೆಯ ಮುಂಚೆ ಸೇವ್ ಮಾಡಿ. ಒಮ್ಮೆ ಕರೆಂಟ್ ಹೋಗಿ, ಬ್ಯಾಟರಿಯೂ ಸತ್ತು, ಒಂದಿಡೀ ಸಾಕ್ಷಿಯ ವಿಚಾರಣೆ ಕಳೆದುಹೋಯಿತು. ಅದನ್ನೇ ಮತ್ತೆ ಓದಿ ಹೇಳುವಾಗ ಮೊದಲಿನ ಬಿಸಿ ಬರುವುದಿಲ್ಲ. ರೆನ್‌ಪೈ ಎಂಬ ಉಚಿತ ಸಾಧನದಲ್ಲಿ ಮಾಡಿದ ಆಟಗಳಾದರೆ ಮೌಸ್ ಚಕ್ರವನ್ನು ಮೇಲಕ್ಕೆ ಉರುಳಿಸಿದರೆ ಹಿಂದಿನ ಮಾತು ಬರುತ್ತದೆ, ಎಚ್ ಒತ್ತಿದರೆ ಪೆಟ್ಟಿಗೆ ಮರೆಯಾಗಿ ಚಿತ್ರ ಪೂರ್ತಿ ಕಾಣುತ್ತದೆ. ಅಜ್ಜಿಗೆ ಚಿತ್ರ ಮಸುಕಾಗಿಯೇ ಕಂಡರೂ ಬಣ್ಣ ಗೊತ್ತಾಗುತ್ತದೆ, ಹಾಗಾಗಿ ಎಚ್ ನನ್ನ ಮೆಚ್ಚಿನ ಕೀಲಿ.

‘ವೆಂಬಾ’ ಒಂದೇ ಕೂರಿಕೆಗೆ ಮುಗಿಯುವ ಆಟ, 2023ರದು. ಕೆನಡಾಕ್ಕೆ ಹೋದ ತಮಿಳು ದಂಪತಿ, ಅವರ ಮಗ, ಹೆಂಡತಿಗೆ ಅವಳ ಅಮ್ಮ ಕೊಟ್ಟ ಅಡುಗೆ ಪುಸ್ತಕ. ಪುಟಗಳು ಹಾಳಾಗಿರುವುದರಿಂದ ಅಳಿಸಿಹೋದ ಹಂತಗಳನ್ನು ನಾವೇ ಊಹಿಸಬೇಕು. ಮೊದಲ ಅಡುಗೆಯೇ ಇಡ್ಲಿ. ಇಲ್ಲಿ ನೀವು ಬಾಯಿ ಮುಚ್ಚಿಕೊಂಡು ಮೌಸ್ ಮಾತ್ರ ಹಿಡಿಯಿರಿ. “ಮೇಲಿನ ತಟ್ಟೆ ಕೆಳಗಿನ ಇಡ್ಲೀನ ಒತ್ತಬಾರ್ದು, ತಿರುಗಿಸಿ ಇಡು” ಎಂದು ಅಜ್ಜಿ ಹೇಳಿದಂತೆ ಮಾಡುತ್ತಾ ಹೋದೆ. ಮಗ ದೊಡ್ಡವನಾಗಿ ಮನೆಮಾತಿನಿಂದ ದೂರವಾಗುವ ಭಾಗಕ್ಕೆ ಬಂದಾಗ ಅವಳು ಬೆಂಗಳೂರಿನ ನನ್ನ ಚಿಕ್ಕಪ್ಪನ ಮಕ್ಕಳ ಹೆಸರು ಹೇಳಿದಳು. ತೆಲುಗು, ಕನ್ನಡ ಎರಡೂ ಬೆರೆಸಿ ಮಾತಾಡುವ ನಮ್ಮ ಮನೆಯಲ್ಲಿ ಆ ಮಕ್ಕಳಿಗೆ ಎರಡೂ ಸರಿಯಾಗಿ ಬರುವುದಿಲ್ಲ. ಆವತ್ತು ರಾತ್ರಿ ಆಟ ಅಲ್ಲೇ ನಿಲ್ಲಿಸಿ ಅವರಿಗೆ ಫೋನ್ ಮಾಡಿದೆವು.

‘ನಾರ್ಸಿಸ್ಸು’ ಓದುವ ಮುಂಚೆ ಕೇಳುವವರ ಒಪ್ಪಿಗೆ ಪಡೆಯಿರಿ. 2005ರಲ್ಲಿ ಉಚಿತವಾಗಿ ಹಂಚಿದ ಜಪಾನಿ ಕಥೆ. ಆಯ್ಕೆಗಳಿಲ್ಲ, ಚಿತ್ರವೂ ಒಂದು ಕಿರಿದಾದ ಪಟ್ಟಿ. ಬದುಕುವ ಭರವಸೆ ಉಳಿಯದ ರೋಗಿಗಳನ್ನು ಇಡುವ ಆಸ್ಪತ್ರೆಯ ಏಳನೇ ಮಹಡಿಯಿಂದ ಒಬ್ಬ ಹುಡುಗ, ಒಬ್ಬ ಹುಡುಗಿ ಕಾರು ತೆಗೆದುಕೊಂಡು ಹೊರಡುತ್ತಾರೆ, ಅವಾಜಿ ದ್ವೀಪದ ನಾರ್ಸಿಸಸ್ ಹೂ ನೋಡಲು. ಸಾವಿನ ಕಥೆ ಎಂದು ಮೊದಲೇ ಹೇಳಿದೆ. ತಾತ ಕಡೇ ದಿನಗಳಲ್ಲಿ “ಮನೆಗೆ ಕರ್ಕೊಂಡ್ ಹೋಗ್ರಪ್ಪಾ” ಅಂದದ್ದನ್ನು ನೆನೆಸಿಕೊಂಡು ಅಜ್ಜಿ ತಾನೇ “ಓದು” ಅಂದಳು. ಇಂಥದ್ದನ್ನು ಓದುವಾಗ ದನಿಯಲ್ಲಿ ನಾಟಕ ಬೇಡ, ಸಂಗೀತ ಇರುವಲ್ಲಿ ಸುಮ್ಮನಿರಿ. ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’ ಕೂಡ ಉಚಿತ, ಮುದ್ದಾಗಿ ಕಾಣುತ್ತದೆ. ಆದರೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ದೃಶ್ಯಗಳಿವೆ. ಮಕ್ಕಳಿರುವ ಪಡಸಾಲೆಯಲ್ಲಿ ಅದನ್ನು ತೆರೆಯಲೇಬೇಡಿ.

ಈಗ ನಡೆಯುತ್ತಿರುವುದು 2011ರ ‘ಟು ದ ಮೂನ್’. ಸಾಯುವ ಸ್ಥಿತಿಯಲ್ಲಿರುವ ಮುದುಕನಿಗೆ ಚಂದ್ರಲೋಕಕ್ಕೆ ಹೋಗುವ ಆಸೆ. ಇಬ್ಬರು ಡಾಕ್ಟರು ಅವನ ನೆನಪುಗಳೊಳಗೆ ಇಳಿಯುತ್ತಾರೆ, ಮುಪ್ಪಿನಿಂದ ಬಾಲ್ಯದ ಕಡೆಗೆ. ಕಥೆ ಹಿಂದೆ ಹಿಂದೆ ಹೋಗುವುದರಿಂದ ಪ್ರತಿ ಸಲ “ಇದು ಅದಕ್ಕಿಂತ ಮುಂಚೆ ಆದದ್ದು” ಎಂದು ಹೇಳಿಯೇ ಶುರುಮಾಡಬೇಕು. ಅವನ ಹೆಂಡತಿ ಕಾಗದದ ಮೊಲಗಳನ್ನು ಮಡಚಿ ಮಡಚಿ ಮನೆ ತುಂಬಿಸಿದ್ದಾಳೆ. ಯಾಕೆಂದು ಅಜ್ಜಿ ದಿನಾ ಕೇಳುತ್ತಾಳೆ. ನನಗೆ ಉತ್ತರ ಗೊತ್ತು, ಹೇಳಿಲ್ಲ. ಹುಳು ಮೊನ್ನೆ ಕಡೇ ಜ್ವರ ಎದ್ದಿತು, ಇನ್ನು ಅದು ಗೂಡು ಕಟ್ಟುವಷ್ಟು ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟು, ಗೂಡು ಮಾರುಕಟ್ಟೆಗೆ ಹೋಗುವವರೆಗೂ ಲ್ಯಾಪ್‌ಟಾಪ್ ಮುಚ್ಚಿರುತ್ತದೆ. ಸೊಪ್ಪು ಹಾಕುವಾಗಲೂ ಅಜ್ಜಿ ಮೊಲದ ಮಾತೇ ಎತ್ತುತ್ತಾಳೆ.