ಬೆರಳಿಟ್ಟು ಹೆಸರಿಡಿ: ತ್ರಿಕೋನಮಿತಿಯ ಮೊದಲ ಪಾಠ

ಸೈನ್, ಕಾಸ್, ಟ್ಯಾನ್ ಸೂತ್ರಗಳನ್ನು ಬಾಯಿಪಾಠ ಮಾಡಿದ ಮಕ್ಕಳೂ ಲೆಕ್ಕ ತಪ್ಪುತ್ತಾರೆ. ಪಾಠ ಹೇಳಿಕೊಡುವಾಗ ನಾನು ಕಂಡಂತೆ, ಎಡವುವುದು ಹೆಚ್ಚಾಗಿ ಒಂದೇ ಕಡೆ: ಬಾಹುಗಳಿಗೆ ಹೆಸರಿಡುವಾಗ.

ಮೊದಲು 3, 4, 5 ಸೆಂಟಿಮೀಟರ್ ಬಾಹುಗಳ ತ್ರಿಭುಜ ಬರೆಯಿರಿ. 3 ಮತ್ತು 4 ಸೇರುವ ಮೂಲೆ 90 ಡಿಗ್ರಿ, ಅಂದರೆ ಲಂಬಕೋನ. ಅಲ್ಲಿ ಪುಟ್ಟ ಚೌಕದ ಗುರುತು ಹಾಕಿ. ಅದರ ಎದುರಿನ 5 ಸೆಂಟಿಮೀಟರ್ ಬಾಹುವೇ ವಿಕರ್ಣ.

ಈಗ ನಿಧಾನ ಮಾಡಿ. ಉಳಿದ ಎರಡು ಕೋನಗಳಲ್ಲಿ ಒಂದನ್ನು ಆರಿಸಿ, ಥೀಟಾ ಎಂದು ಬರೆದು, ಆ ಮೂಲೆಯ ಮೇಲೆ ಬೆರಳಿಡಿ. ಬೆರಳಿಗೆ ತಾಗದೆ ದೂರ ಉಳಿದದ್ದು ಅಭಿಮುಖ ಬಾಹು. ತಾಗುವ ಎರಡರಲ್ಲಿ ವಿಕರ್ಣ ಬಿಟ್ಟರೆ ಉಳಿಯುವುದು ಪಾರ್ಶ್ವ ಬಾಹು. ಬೆರಳನ್ನು ಇನ್ನೊಂದು ಮೂಲೆಗೆ ಸರಿಸಿ ನೋಡಿ. ಅಭಿಮುಖ ಹೋಗಿ ಪಾರ್ಶ್ವವಾಯಿತು, ಪಾರ್ಶ್ವ ಅಭಿಮುಖವಾಯಿತು, ಅಲ್ವಾ? ವಿಕರ್ಣ ಮಾತ್ರ ಇದ್ದಲ್ಲೇ ಇದೆ. ನಿಂತ ಗೆರೆ ಅಭಿಮುಖ, ಮಲಗಿದ ಗೆರೆ ಪಾರ್ಶ್ವ ಅಂದುಕೊಂಡವರು ಇಲ್ಲೇ ಸೋಲುತ್ತಾರೆ. ಪುಸ್ತಕವನ್ನು ಓರೆಯಾಗಿ ತಿರುಗಿಸಿ ಮತ್ತೊಮ್ಮೆ ಹೆಸರಿಡಿ. ನಾಲ್ಕೈದು ಸಲ ಹೀಗೆ ಮಾಡದೆ ಸೂತ್ರ ಮುಟ್ಟಲೇಬೇಡಿ.

ಆಮೇಲಿನದು ಸುಲಭ. ಅಭಿಮುಖವನ್ನು ವಿಕರ್ಣದಿಂದ ಭಾಗಿಸಿದರೆ ಸೈನ್, ಪಾರ್ಶ್ವವನ್ನು ವಿಕರ್ಣದಿಂದ ಭಾಗಿಸಿದರೆ ಕಾಸ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾನ್. 3 ಸೆಂಟಿಮೀಟರ್ ಬಾಹುವಿನ ಎದುರಿನ ಕೋನಕ್ಕೆ ಸೈನ್ 0.6, ಕಾಸ್ 0.8, ಟ್ಯಾನ್ 0.75. ತ್ರಿಭುಜವನ್ನು 6, 8, 10 ಮಾಡಿದರೂ ಇವು ಬದಲಾಗುವುದಿಲ್ಲ.

ಆ ಕೋನವನ್ನು ಕೋನಮಾಪಕದಲ್ಲಿ ಅಳೆಯಿರಿ. ಹಲವು ಕೋನಮಾಪಕಗಳಲ್ಲಿ ಸೊನ್ನೆಯ ಗೆರೆ ಕೆಳ ಅಂಚಿಗಿಂತ ತುಸು ಮೇಲಿರುತ್ತದೆ. ಬಾಹುವಿನ ಮೇಲೆ ಕೂರಿಸಬೇಕಾದದ್ದು ಆ ಗೆರೆಯನ್ನು, ಅಂಚನ್ನಲ್ಲ. ಅಂಕಿ ಮಸುಕಾದ, ಅಂಚು ಸವೆದ ಕೋನಮಾಪಕವನ್ನು ಎಸೆದುಬಿಡಿ.

ಸುಮಾರು 37 ಡಿಗ್ರಿ ಸಿಗಬೇಕು. 53 ಬಂದರೆ ಬೇರೆ ಮೂಲೆ ಅಳೆದಿದ್ದೀರಿ. 143 ಬಂದರೆ ಕೋನಮಾಪಕದ ಇನ್ನೊಂದು ಸಾಲಿನ ಅಂಕಿ ಓದಿದ್ದೀರಿ.

ಕ್ಯಾಲ್ಕುಲೇಟರ್ ಬಳಸುವವರು ಮೊದಲು ಸೈನ್ 30 ಒತ್ತಿ ನೋಡಿ. 0.5 ಬಂದರೆ ಸರಿ. ಮೈನಸ್ 0.988 ಬಂದರೆ ಅದು ರೇಡಿಯನ್‌ನಲ್ಲಿದೆ. ಒಂದು ರೇಡಿಯನ್ ಅಂದರೆ ಸುಮಾರು 57.3 ಡಿಗ್ರಿ. ಡಿಗ್ರಿಗೆ ಬದಲಿಸಿ ಟ್ಯಾನ್ 37 ಒತ್ತಿದರೆ 0.7536 ಬರುತ್ತದೆ. ನಿಮ್ಮ 0.75ರ ಪಕ್ಕದಲ್ಲಿಟ್ಟು ನೋಡಿ.