ಡೋರ್ ವೈಸರ್, ಮಡ್ ಫ್ಲ್ಯಾಪ್ ನಾನೇ ಹಾಕಿದೆ

ಸುರತ್ಕಲ್‌ನಲ್ಲಿ ಮಳೆ ಹಿಡಿದರೆ ಕಾರಿನ ಗ್ಲಾಸ್ ಒಂದಿಂಚು ಇಳಿಸುವ ಹಾಗಿಲ್ಲ. ಅದಕ್ಕೇ ಕಂಪನಿಯದೇ ಡೋರ್ ವೈಸರ್ (ಕಿಟಕಿಯ ಮೇಲಂಚಿಗೆ ಅಂಟಿಸುವ, ಮಳೆ ತಡೆಯುವ ಪಟ್ಟಿ), ಚಕ್ರದ ಹಿಂದೆ ಕೆಸರು ತಡೆಯುವ ಮಡ್ ಫ್ಲ್ಯಾಪ್ ಬೇಕಿತ್ತು. ಫಿಟ್ಟಿಂಗ್ ಚಾರ್ಜ್ ಬೇರೆ ಅಂದರು. ಬರೀ ಸಾಮಾನು ತಂದೆ.

ಮಡ್ ಫ್ಲ್ಯಾಪ್ ಸುಲಭ. ನನ್ನ ಕಾರಿನಲ್ಲಿ ತೂತು ಮೊದಲೇ ಇದೆ, ಡ್ರಿಲ್ ಬೇಡ. ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ಟರೆ ಮುಂದಿನ ಚಕ್ರ ಬಿಚ್ಚದೆಯೇ ಸ್ಕ್ರೂಡ್ರೈವರ್‌ಗೆ ಜಾಗ ಸಿಗುತ್ತದೆ. ಸ್ಕ್ರೂ ಸುತ್ತ ಗಟ್ಟಿಯಾಗಿ ಕೂತಿದ್ದ ಕೆಂಪು ಮಣ್ಣನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆದೆ.

ತಲೆಬಿಸಿ ಕೊಟ್ಟಿದ್ದು ವೈಸರ್. ಒಂದು ಮೂಲೆಯಲ್ಲಿ ಅದರ ಅಂಟು ಟೇಪ್ ಹಿಡಿಯುತ್ತಲೇ ಇಲ್ಲ. ಬೆರಳಾಡಿಸಿ ನೋಡಿದರೆ ಫ್ರೇಮ್ ಮೇಲೆ ಜಿಡ್ಡು ಜಿಡ್ಡು: ಪಾಲಿಶ್ ಮಾಡಿದ ವ್ಯಾಕ್ಸ್, ಅದರ ಮೇಲೆ ಕಡಲ ಗಾಳಿಯ ಉಪ್ಪು. ಶಾಂಪೂ ನೀರಿಗೆ ಉಪ್ಪು ಹೋಗುತ್ತದೆ, ವ್ಯಾಕ್ಸ್ ಜಗ್ಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಸಮ ನೀರು ಬೆರೆಸಿ ಬಟ್ಟೆಯಲ್ಲಿ ಒರೆಸಿದೆ. ಆಮೇಲೆ ಹೇರ್ ಡ್ರೈಯರ್‌ನಿಂದ ಫ್ರೇಮ್ ಬೆಚ್ಚಗೆ ಮಾಡಿದೆ. ಗಾಳಿಯಲ್ಲೇ ಪಸೆ ಇರುವ ನಮ್ಮೂರಿನಲ್ಲಿ ಇದು ಬೇಕೇ ಬೇಕು.

ಟೇಪಿನ ಕವರ್ ಒಂದೇ ಸಲ ಕೀಳಬೇಡಿ. ಎರಡೂ ತುದಿ ಸ್ವಲ್ಪ ಬಿಡಿಸಿ ಹೊರಗೆ ಮಡಚಿ, ವೈಸರ್ ನೇರ ಕೂತ ಮೇಲೆ ಉಳಿದದ್ದನ್ನು ಎಳೆಯಿರಿ. ಆಮೇಲೆ ಈ ತುದಿಯಿಂದ ಆ ತುದಿಗೆ ಜೋರಾಗಿ ಒತ್ತಿ. ಇಂಥ ಅಕ್ರಿಲಿಕ್ ಫೋಮ್ ಟೇಪ್ ಪೂರ್ತಿ ಬಿಗಿಯಾಗಲು ಸುಮಾರು 72 ಗಂಟೆ ಬೇಕು. ಅಲ್ಲಿವರೆಗೆ ಕಾರು ತೊಳೆಯಬೇಡಿ. ಮೊನ್ನೆ ಜಡಿಮಳೆಯಲ್ಲಿ ಉಡುಪಿಗೆ ಹೋಗಿ ಬಂದೆ, ಆ ಮೂಲೆ ಅಲ್ಲಾಡಿಲ್ಲ.

ಫಾಗ್ ಲ್ಯಾಂಪ್, ಕ್ಯಾಮೆರಾ ಮಾತ್ರ ನಾನು ಮುಟ್ಟಲಿಲ್ಲ. ವೈರ್ ಕಟ್ ಮಾಡಿದರೆ ಸುಮ್ನೆ ವಾರಂಟಿ ತಕರಾರು. ಅದಕ್ಕೆ ದುಡ್ಡು ಕೊಡುವುದೇ ವಾಸಿ ಅಲ್ವಾ?